ಐಗಳ ಶಾಲೆಗಳಲ್ಲಿ ಅಕ್ಷರವಿದ್ಯೆಯ ಕ್ರಮವು

‘ಮಠ’ವೆಂಬ ಶಬ್ದಕ್ಕೆ ವಿದ್ಯಾರ್ಥಿಗಳು ಮೊದಲಾದವರು ವಾಸಮಾಡುವ ನಿಲಯವೆಂದು ಅಮರಕೋಶಕಾರನು ಅರ್ಥವನ್ನು ಹೇಳಿರುವನು. ಕನ್ನಡ ನಾಡಿನ ಹಳ್ಳಿಗಳಲ್ಲಿಯೂ ಅಕ್ಷರ ಕಲಿಸುವ ಶಾಲೆಯನ್ನು ಬಹುಕಾಲ ಮಠವೆಂದೇ ಕರೆಯುತ್ತಿದ್ದರು. ಕಲಿಸುವವರಿಗೆ ಐಗಳೆಂದು ಹೆಸರು. ಆದಕಾರಣ ಶ್ರೀಮಠದ ಈ ಮಹೋತ್ಸವ ಸಂಪುಟದಲ್ಲಿ, ಆ ಶಾಲೆಗಳ ಮಕ್ಕಳಿಗೆ ವಿದ್ಯೆಯು ಹೇಗೆ ಹತ್ತುತ್ತಿದ್ದಿತು, ಆ ಕ್ರಮದಲ್ಲಿ ಕೊರತೆಯಾದುದು ಯಾವುದು ಎಂಬುದನ್ನು ವಿಚಾರಿಸುವುದು ಅಪ್ರಸ್ತುತವಾಗಲಾರದು.

ಇದಕ್ಕೆ ಬಲವಾದ ಆಧಾರವೊಂದುಂಟು. 1822ರಲ್ಲಿ ಮದ್ರಾಸಿನ ಗವರ್ನರನಾಗಿದ್ದ ಸರ್ ತಾಮಸ್ ಮನ್ರೋ ಎಂಬವನು ತನ್ನ ಆಧಿಪತ್ಯದ ಜಿಲ್ಲೆಗಳಲ್ಲಿದ್ದ ದೇಶೀ ಶಾಲೆಗಳ ವಿವರವನ್ನು ಕೇಳಿದನು. ಅದಕ್ಕೆ ಬಳ್ಳಾರಿಯ ಕಲೆಕ್ಟರನಾದ ಎ. ಡಿ. ಕ್ಯಾಂಬೆಲ್ಲನು 1823ರಲ್ಲಿ ವಿಸ್ತಾರವಾದ ವರದಿಯನ್ನು ಬರೆದು ಕಳುಹಿಸಿದನು. ಆಗ ಆ ಜಿಲ್ಲೆಯಲ್ಲಿ 533 ಶಾಲೆಗಳಿದ್ದವು. ಅವುಗಳಲ್ಲಿ ಕನ್ನಡದವು 235, ತೆಲುಗಿನವು 226. ಓದುತ್ತಿದ್ದ ಮಕ್ಕಳು 6,641 ಮಂದಿ.

ಆ ವರದಿಯಿಂದ ತಿಳಿದುಬರುವ ಕ್ರಮವು ಹೀಗಿದೆ. ಮಗುವಿಗೆ ಐದು ವರ್ಷವಾದಾಗ ವಿದ್ಯಾರಂಭವು. ಅಕ್ಷರಗಳನ್ನು ಬರಿಯ ಬಾಯಿಪಾಠದಿಂದ ಕಲಿಸದೆ, ನೆಲದ ಮೇಲೆ ಹರಡಿದ ಮರಳಿನಲ್ಲಿ ಬೆರಳಿನಿಂದ ಬರೆಯಿಸಿ ಕಲಿಸುತ್ತಿದ್ದರು. ಬೆರಳು ಪಳಗಿದ ಮೇಲೆಯೇ ಮಗುವಿನ ಕೈಗೆ ಬಳಪವು ಬರುತ್ತಿದ್ದಿತು. ಇದ್ದಿಲಿನ ಪುಡಿಯನ್ನು ಬಳಿದ ಹಲಗೆ, ಇಲ್ಲವೆ ಬಟ್ಟೆಗೆ ಗಂಜಿಯನ್ನು ಹಾಕಿ ಮಡಿಸಿ, ಇದ್ದಿಲು ಅಂಟುಗಳನ್ನು ಲೇಪಿಸಿದ ಕಡತ—ಇವೇ ಅವರ ಪುಸ್ತಕಗಳು. ಒದ್ದೆ ಬಟ್ಟೆಯಿಂದ ಒರೆಸಿದರೆ ಮತ್ತೆ ಬರೆಯಲು ಸಿದ್ಧ. ತರುವಾಯ ಒತ್ತಕ್ಷರಗಳು, ಆಮೇಲೆ ಮನುಷ್ಯರ, ಊರುಗಳ, ಪ್ರಾಣಿಗಳ ಹೆಸರುಗಳು, ಅನಂತರ ಅಂಕಿಗಳು, ಮಗ್ಗಿ. ತಾನು ಕಂಡ ಊರಿನ ಹೆಸರನ್ನು ತನ್ನ ಕೈಯಿಂದಲೇ ಬರೆದ ಮಗುವಿಗೆ ಅಕ್ಷರವು ಪರಕೀಯವಾಗಿ ತೋರುವುದೆಂತು?

ಶಾಲೆಯಲ್ಲಿ ಸಾಮಾನ್ಯವಾಗಿ ನಾಲ್ಕು ವರ್ಗಗಳಿರುತ್ತಿದ್ದವು. ವಯಸ್ಸನ್ನು ನೋಡದೆ ಯೋಗ್ಯತೆಯನ್ನು ನೋಡಿ ಮೇಲಕ್ಕೆ ಏರಿಸುತ್ತಿದ್ದರು. ಮುಂದಿನ ವರ್ಗದ ಹುಡುಗನು ಹಿಂದಿನವರಿಗೆ ಪಾಠ ಹೇಳುತ್ತಿದ್ದನು. ಇದರಿಂದ ಕಲಿಯುವವನಿಗೆ ಸಹಾಯವೂ ಕಲಿಸುವವನಿಗೆ ವಿದ್ಯಾದೃಢತೆಯೂ ಏಕಕಾಲದಲ್ಲಿ ಉಂಟಾಗುತ್ತಿದ್ದವು. ಮದ್ರಾಸಿನ ಎಗ್ಮೋರಿನಲ್ಲಿ ಅನಾಥಾಲಯವನ್ನು ನಡೆಯಿಸುತ್ತಿದ್ದ ಆಂಡ್ರೂ ಬೆಲ್ಲನು ದೇಶೀ ಶಾಲೆಯ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು, ಅದನ್ನು ತನ್ನ ಶಾಲೆಯಲ್ಲಿ ಆಚರಣೆಗೆ ತಂದನು. ಹಿರಿಯ ಹುಡುಗರಿಂದ ಕಿರಿಯರಿಗೆ ಪಾಠ ಹೇಳಿಸಿದನು. 1797ರಲ್ಲಿ ಲಂಡನ್ನಿನಲ್ಲಿ ಆ ವಿಷಯವಾಗಿ ಪುಸ್ತಕವನ್ನೂ ಪ್ರಕಟಿಸಿದನು. ಇಂಗ್ಲೆಂಡಿನಲ್ಲಿ ಅದು ‘ಮದ್ರಾಸ್ ಪದ್ಧತಿ’ ಎಂದು ಹೆಸರುಗೊಂಡಿತು. ನಮ್ಮ ಶಾಲೆಗಳ ಮಿತವ್ಯಯವೂ ಈ ಪರಸ್ಪರಬೋಧೆಯೂ ಇಂಗ್ಲೆಂಡಿನ ಅನುಕರಣೆಗೆ ಅರ್ಹವಾಗಿದ್ದವೆಂದು ಕ್ಯಾಂಬೆಲ್ಲನೂ ಒಪ್ಪಿರುವನು.

ಮಕ್ಕಳನ್ನು ಹೊತ್ತಿಗೆ ಸರಿಯಾಗಿ ಬರಮಾಡುವುದಕ್ಕೂ ಒಂದು ಉಪಾಯವಿದ್ದಿತು. ಮೊದಲು ಬಂದವನ ಅಂಗೈಯಲ್ಲಿ ಸರಸ್ವತಿಯ ಹೆಸರನ್ನು ಬರೆಯುವರು. ಎರಡನೆಯವನಿಗೆ ಸೊನ್ನೆ; ಅವನಿಗೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಒಂದು ಮೆಲ್ಲನೆಯ ಏಟು, ನಾಲ್ಕನೆಯವನಿಗೆ ಎರಡು. ಹೀಗೆಯೇ ಏರುತ್ತ ಹೋಗುವುದು. ಸರಸ್ವತಿಯ ಹೆಸರಿನ ಆಸೆಯು ಮಕ್ಕಳಲ್ಲಿ ಉತ್ಸಾಹವನ್ನು ಹುಟ್ಟಿಸಿದ್ದೀತು. ಆದರೆ ಸೋಮಾರಿಯಾದವನನ್ನು ಮೇಲ್ಛಾವಣಿಗೆ ಕೈಕಟ್ಟಿ ತೂಗುಹಾಕುವ ಶಿಕ್ಷೆಯೂ ಅಲ್ಲಿದ್ದಿತೆಂಬುದನ್ನು ಮರೆಯಲಾಗದು. ಭಯದಿಂದ ದೇಹವು ಶಾಲೆಗೆ ಬರಬಹುದು, ಮನಸ್ಸು ಬರುವುದಿಲ್ಲ.

ಇದಕ್ಕಿಂತಲೂ ಹಿರಿದಾದ ಕೊರತೆಯು ಬೇರೊಂದಿದ್ದಿತು. ಲಿಂಗವಂತರ ಮಕ್ಕಳು ಬಸವಪುರಾಣ, ಗಿರಿಜಾಕಲ್ಯಾಣ, ಚೆನ್ನಬಸವಪುರಾಣಗಳನ್ನು ಓದುತ್ತಿದ್ದರೆಂದು ಆ ವರದಿಯಲ್ಲಿಯೇ ಹೇಳಿದೆ. ಇದು ನಮಗೆ ಸಂತೋಷವೇ ಸರಿ. ಆದರೆ ಆ ಗ್ರಂಥಗಳ ಭಾಷೆಯು ಆಡುವ ಮಾತಿಗಿಂತ ದೂರವಾಗಿದ್ದುದರಿಂದ, ಮಕ್ಕಳು ಪದ್ಯಗಳನ್ನು ಗಿಳಿಯಂತೆ ಒಪ್ಪಿಸುತ್ತಿದ್ದರೇ ಹೊರತು ಅರ್ಥವನ್ನು ಅರಿಯುತ್ತಿರಲಿಲ್ಲವೆಂದು ಕ್ಯಾಂಬೆಲ್ಲನು ಆಕ್ಷೇಪಿಸಿರುವನು. ಆಕ್ಷೇಪಿಸಿದವನು ಪರದೇಶಿಯೆಂದು ನಾವು ಮುನಿಯಬೇಕಾದುದಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಬಸವಾದಿ ಶರಣರು ಅನುಭಾವವನ್ನು ಸಂಸ್ಕೃತದಲ್ಲಿ ಅಡಗಿಸಿಡದೆ ಜನರಾಡುವ ಕನ್ನಡದಲ್ಲಿ ನುಡಿದುದು, ಕೇಳಿದವರಿಗೆ ತಿಳಿಯಲೆಂದೇ ಅಲ್ಲವೆ? ಆ ಪರಂಪರೆಯ ಮಕ್ಕಳು ಅರ್ಥವಿಲ್ಲದೆ ಓದಿದರೆ ಅದು ಓದಲ್ಲ.

ಇನ್ನೊಂದು ಅಂಕಿಯು ಮನಸ್ಸನ್ನು ಇನ್ನೂ ನೋಯಿಸತಕ್ಕುದು. ಆ 6,641 ಮಕ್ಕಳಲ್ಲಿ ಹೆಣ್ಣುಮಕ್ಕಳು ಕೇವಲ 60 ಮಂದಿ. ಅಕ್ಕಮಹಾದೇವಿ, ಮುಕ್ತಾಯಕ್ಕ, ಸತ್ಯಕ್ಕ ಮೊದಲಾದ ಶರಣೆಯರು ವಚನಗಳನ್ನು ನುಡಿದ ನಾಡಿನಲ್ಲಿ ಹೀಗಾಯಿತು. 9,27,857 ಜನರಿದ್ದ ಜಿಲ್ಲೆಯಲ್ಲಿ ಸಾವಿರಕ್ಕೆ ಸುಮಾರು 7 ಮಂದಿ ಮಾತ್ರ ಶಾಲೆಯಲ್ಲಿದ್ದರು. ಕ್ರಮವು ಎಷ್ಟು ಚೆನ್ನಾಗಿದ್ದರೇನು, ಬಾಗಿಲು ಕಿರಿದಾಗಿದ್ದಿತು.

ಆದುದರಿಂದ ಪೂರ್ವಿಕರನ್ನು ಬರಿದೆ ಹೊಗಳುವುದೂ ಬರಿದೆ ಹಳಿಯುವುದೂ ಯುಕ್ತವಲ್ಲ. ಕೈಯಿಂದ ಬರೆದು ಕಲಿಯುವುದು, ಪರಿಚಿತವಾದ ಹೆಸರುಗಳಿಂದ ಓದಿಗೆ ತೊಡಗುವುದು, ಬಲ್ಲವನು ಅರಿಯದವನಿಗೆ ಹೇಳಿಕೊಡುವುದು—ಈ ಮೂರನ್ನು ಉಳಿಸಿಕೊಳ್ಳತಕ್ಕುದು. ಹೇಳಿಕೊಡುವ ಹುಡುಗನು ಪದ್ಯವನ್ನು ಒಪ್ಪಿಸಿ ಸುಮ್ಮನಾಗದೆ ಅದರ ಭಾವವನ್ನು ತನ್ನ ಮಾತಿನಲ್ಲಿ ವಿವರಿಸಬೇಕು. ಕೇಳುವವನು ನಿರ್ಭಯವಾಗಿ ಪ್ರಶ್ನಿಸಬೇಕು. ಅವನ ಪಕ್ಕದಲ್ಲಿ ಅವನ ತಂಗಿಯೂ ಕುಳಿತಿರಬೇಕು. ಅನ್ನದಾಸೋಹದಲ್ಲಿ ಪಂಕ್ತಿಯಿಂದ ಯಾರನ್ನೂ ಎಬ್ಬಿಸಲಾಗದಂತೆ ಜ್ಞಾನದಾಸೋಹದಲ್ಲಿಯೂ ಎಬ್ಬಿಸಲಾಗದು. ಮಠವೆಂಬ ಹೆಸರಿನ ಮೂಲಾರ್ಥವನ್ನು ಭಕ್ತರೂ ಶಿಷ್ಯರೂ ಹೀಗೆ ಸಾರ್ಥಕಪಡಿಸಲೆಂದು ಶ್ರೀಗುರುವಿನ ಚರಣಾರವಿಂದಗಳಲ್ಲಿ ಪ್ರಾರ್ಥಿಸುತ್ತೇವೆ. ಮಂಗಳವಾಗಲಿ.