ನಂದಿಯ ತಪ್ಪಲಿನ ದ್ರಾಕ್ಷಾಮದ್ಯದ ಮನೆ: ಒಂದು ಐತಿಹಾಸಿಕ ವಿಚಾರ

ಇಟಲಿಯ ಫ್ಲಾರೆನ್ಸ್ ನಗರದ ಆಂತಿನೋರಿ ಮನೆತನದವನೊಬ್ಬನು ಕ್ರಿ.ಶ. 1385ರಲ್ಲಿ ಆ ಊರಿನ ದ್ರಾಕ್ಷಾಮದ್ಯ ತಯಾರಕರ ಶ್ರೇಣಿಯನ್ನು ಸೇರಿದನು. ಇಪ್ಪತ್ತಾರು ತಲೆಮಾರುಗಳಿಂದ ಆ ಮನೆಯವರು ಕಸುಬನ್ನು ಬಿಡದೆ ನಡೆಸಿಕೊಂಡು ಬಂದಿರುವರು. ಕರ್ನಾಟಕದಲ್ಲಿ ಇಂತಹ ಮನೆಯೊಂದನ್ನು ನೋಡಬೇಕೆಂದು ಹೊರಟವರು ಸಾಮಾನ್ಯವಾಗಿ ತಲುಪುವುದು ದೊಡ್ಡಬಳ್ಳಾಪುರದ ಬಳಿ, ನಂದಿಬೆಟ್ಟದ ತಪ್ಪಲಲ್ಲಿ, ಗ್ರೋವರ್ ಕುಟುಂಬದವರು 1988ರಲ್ಲಿ ನೆಲೆಗೊಳಿಸಿದ ತೋಟವನ್ನು. ಅಲ್ಲಿ ನಾಲ್ಕು ದಶಕಗಳಿಗಿಂತ ಹಿಂದಿನ ಚರಿತ್ರೆಯಿಲ್ಲ. ನಮ್ಮ ನಾಡಿನಲ್ಲಿ ಇದಕ್ಕಿಂತ ಹಳೆಯ ಮನೆತನವೇಕೆ ಬೆಳೆಯಲಿಲ್ಲ?

ಹವೆ ಒಗ್ಗದು, ಧರ್ಮ ಒಪ್ಪದು ಎಂಬುದು ಬಳಕೆಯಲ್ಲಿರುವ ಉತ್ತರ. ಇದರಲ್ಲಿ ಸತ್ಯಾಂಶವಿದ್ದರೂ ಇದು ಸಾಲದು. ದ್ರಾಕ್ಷಿ ಇಲ್ಲಿಗೆ ಹೊಸದಲ್ಲ. 1520ರ ಸುಮಾರಿನಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ ಡೊಮಿಂಗೊ ಪಾಯೆಸನು ಅಲ್ಲಿನ ಪೇಟೆಯಲ್ಲಿ ಒಂದು ಪಣಕ್ಕೆ ಮೂರು ಗೊಂಚಲು ದ್ರಾಕ್ಷಿ ದೊರೆಯುತ್ತಿತ್ತೆಂದು ಬರೆದಿರುವನು. ಪಾನವೂ ಹೊಸದಲ್ಲ. ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಮದಿರಾಪಾನವು ರಾಜನ ಕ್ರೀಡೆಗಳಲ್ಲೊಂದಾಗಿ ವರ್ಣಿತವಾಗಿದೆ. ಕಸುಬುದಾರರೂ ಇದ್ದರು, ಹನ್ನೆರಡನೆಯ ಶತಮಾನದ ಶರಣರ ಸಮೂಹದಲ್ಲಿ ಹೆಂಡದ ಮಾರಯ್ಯನು ಆ ಕಾಯಕದ ಹೆಸರಿನಿಂದಲೇ ಪ್ರಸಿದ್ಧನಾಗಿರುವನು. ಹಣ್ಣು, ಕುಡಿಯುವವರು, ಮಾರುವವರು ಎಲ್ಲವೂ ಇದ್ದು, ಇವು ಮೂರೂ ಒಂದೆಡೆ ಕೂಡಿ ಒಂದು ಮನೆತನದ ಆಸ್ತಿಯಾಗಿ ನಿಲ್ಲಲಿಲ್ಲ.

ಇದಕ್ಕೆ ಮುಖ್ಯ ಕಾರಣವನ್ನು, ಆಧುನಿಕ ಕಾಲದ ಮಟ್ಟಿಗಾದರೂ, ಅಬಕಾರಿಯ ಚರಿತ್ರೆಯಲ್ಲಿ ಅರಸಬೇಕೆಂದು ನನ್ನ ಅಭಿಪ್ರಾಯ. ಮೈಸೂರು ಸಂಸ್ಥಾನದ ಬೊಕ್ಕಸಕ್ಕೆ ಅಬಕಾರಿಯು ಪ್ರಮುಖ ಆದಾಯಗಳಲ್ಲೊಂದಾಗಿತ್ತು. ಈಚಲ ಹೆಂಡವನ್ನೂ ಸಾರಾಯಿಯನ್ನೂ ಮಾರುವ ಹಕ್ಕನ್ನು ಹರಾಜು ಹಾಕಲಾಗುತ್ತಿತ್ತು. ಹೆಚ್ಚು ಕೂಗಿದವನಿಗೆ ಅಂಗಡಿ; ಅವಧಿ ಸಾಮಾನ್ಯವಾಗಿ ಒಂದು ವರ್ಷ. ಮುಂದಿನ ವರ್ಷ ಅದು ಯಾರ ಪಾಲಾಗುವುದೋ ತಿಳಿಯದು. ಬಳ್ಳಿಯಾದರೋ ನೆಟ್ಟ ಮೂರನೆಯ ವರ್ಷಕ್ಕೆ ಸರಿಯಾದ ಫಲ ಕೊಡುವುದು. ಅದರ ರಸವು ಪೀಪಾಯಿಯಲ್ಲಿ ಇನ್ನಷ್ಟು ಕಾಲ ಮಾಗಬೇಕು. ಒಂದು ವರ್ಷದ ಹಕ್ಕನ್ನು ನಂಬಿ ಬಳ್ಳಿ ನೆಡುವ ಮೂಢನಾರು? ಮದ್ಯೋದ್ಯಮದಲ್ಲಿ ಮನೆತನಗಳೇ ಇರಲಿಲ್ಲವೆಂದಲ್ಲ. ಬೆಂಗಳೂರಿನ ಖೋಡೆ ಮನೆತನದ ಹೆಸರನ್ನು ಯಾರು ಕೇಳಿಲ್ಲ? ಆದರೆ ಅದು ನಗರದ ಬಟ್ಟಿಯ ಉದ್ಯಮ; ಅದಕ್ಕೆ ತೋಟ ಬೇಕಿಲ್ಲ.

ನಮ್ಮ ಹರಿಹರದ ಸುತ್ತಲಿನ ಸ್ಥಿತಿಯನ್ನು ನೋಡಿದರೆ ಇದರ ಇನ್ನೊಂದು ಮುಖವು ತಿಳಿದುಬರುತ್ತದೆ. ರಾಜ್ಯಗಳ ಪುನರ್ವಿಂಗಡಣೆಗೆ ಮುಂಚೆ ಹರಿಹರವೂ ದಾವಣಗೆರೆಯೂ ಮೈಸೂರಿನ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದುವು. ತುಂಗಭದ್ರೆಯ ಆಚೆಯ ರಾಣೆಬೆನ್ನೂರು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯದು. ಹರಪನಹಳ್ಳಿ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯದು. ಮದರಾಸಿನಲ್ಲಿ 1937ರಲ್ಲಿ ಆರಂಭವಾದ ಪಾನನಿರೋಧವು 1948ರ ವೇಳೆಗೆ ಇಡೀ ಪ್ರಾಂತಕ್ಕೆ ವ್ಯಾಪಿಸಿತು. ಮುಂಬಯಿಯ ಕಾಯಿದೆ 1949ರದು. ಒಂದು ದಿನದ ಗಾಡಿ ಪ್ರಯಾಣದಲ್ಲಿ ಮೂರು ಸರ್ಕಾರಗಳ ಮೂರು ಕಾಯಿದೆಗಳು! 1956ರ ಏಕೀಕರಣವಾದ ಮೇಲೆ ಇವನ್ನು ಒಂದುಗೂಡಿಸಬೇಕಾಯಿತು. 1965ರ ಅಬಕಾರಿ ಕಾಯಿದೆ ಆ ಯತ್ನದ ಫಲ. 1967ರಲ್ಲಿ ಪಾನನಿರೋಧವು ಹಿಂತೆಗೆಯಲ್ಪಟ್ಟಿತು; ಹರಾಜಿನ ಪದ್ಧತಿ ಮಾತ್ರ ಉಳಿಯಿತು.

ನಂದಿಯ ತೋಟವು ಈ ಪದ್ಧತಿಯ ಹೊರಗೆ ಹುಟ್ಟಿದುದು. ಫ್ರಾನ್ಸಿನೊಡನೆ ವ್ಯಾಪಾರ ಸಂಬಂಧವಿದ್ದ ಕನ್ವಲ್ ಗ್ರೋವರ್ ಅವರು ಷಾಂಪೇನ್ ಪ್ರಾಂತದ ತಜ್ಞ ಜಾರ್ಜ್ ವೆಸೆಲ್ ಅವರ ನೆರವಿನಿಂದ ಹಲವು ಫ್ರೆಂಚ್ ತಳಿಗಳನ್ನು ಪರೀಕ್ಷಿಸಿ ಈ ನೆಲವನ್ನು ಆರಿಸಿಕೊಂಡರು. ಸುತ್ತಣ ರೈತರು ಮೊದಲೇ ಬೆಳೆಯುತ್ತಿದ್ದ ‘ಬೆಂಗಳೂರು ನೀಲಿ’ ದ್ರಾಕ್ಷಿಯು ತಿನ್ನಲು, ಹಣ್ಣಿನ ರಸಕ್ಕೆ ಒಳ್ಳೆಯದು. ಉತ್ತಮ ಮದ್ಯಕ್ಕೆ ಅದರ ಗಡುಸು ವಾಸನೆಯೇ ಅಡ್ಡಿ. ಹವೆಯ ತೊಡಕನ್ನು ಅಲ್ಲಿ ಬಿಡಿಸಿದ ಬಗೆ ಗಮನಾರ್ಹವಾದುದು. ಶೀತದೇಶದ ಬಳ್ಳಿಯು ಚಳಿಗಾಲದಲ್ಲಿ ನಿದ್ರಿಸುವುದು. ಇಲ್ಲಿ ಅದಕ್ಕೆ ನಿದ್ರೆಯಿಲ್ಲ. ಆದುದರಿಂದ ವರ್ಷಕ್ಕೆರಡು ಬಾರಿ ಕತ್ತರಿಸುವರು. ಸುಗ್ಗಿಯಾದ ಮೇಲಿನ ಒಂದು ಕತ್ತರಿಕೆ ಕಡ್ಡಿಗಾಗಿ, ಸೆಪ್ಟೆಂಬರಿನ ಸುಮಾರಿನ ಇನ್ನೊಂದು ಹಣ್ಣಿಗಾಗಿ. ಹಣ್ಣು ಮಳೆಗೆ ಸಿಕ್ಕದೆ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಮಾಗುವುದು. ಹವೆ ಒಗ್ಗದೆಂಬ ವಾದಕ್ಕೆ ಇದೇ ಉತ್ತರ. ಮೊದಲ ಸೀಸೆಗಳು ಮಾರುಕಟ್ಟೆಗೆ ಬಂದುದು 1992ರಲ್ಲಿ. ನಾಲ್ಕು ವರ್ಷ ಕಾಯುವ ಈ ಅವಕಾಶವು ಹರಾಜಿನ ಗುತ್ತಿಗೆದಾರನಿಗೆ ಎಂದೂ ಇರಲಿಲ್ಲ. ತೊಂಬತ್ತರ ದಶಕದಲ್ಲಿ ಬೋರ್ಡೋ ಪ್ರಾಂತದ ಮಿಷೆಲ್ ರೋಲಾಂ ಸಲಹೆಗಾರರಾದರು. ಆಡಳಿತವು ಮಗ ಕಪಿಲ್ ಗ್ರೋವರ್ ಅವರ ಕೈಗೆ ಬಂದಿತು. ಇಂದು ಅಲ್ಲಿಗೆ ಹೋದವರಿಗೆ ಬಳ್ಳಿಸಾಲುಗಳನ್ನೂ ಉಕ್ಕಿನ ತೊಟ್ಟಿಗಳನ್ನೂ ಓಕ್ ಮರದ ಪೀಪಾಯಿಗಳ ನೆಲಮಾಳಿಗೆಯನ್ನೂ ತೋರಿಸಿ ರುಚಿ ನೋಡಲು ಕೊಡುವರು.

2007ನೆಯ ಇಸವಿಯು ಈ ವಿಷಯದಲ್ಲಿ ನೆನಪಿಡತಕ್ಕದ್ದು. ಆ ವರ್ಷದ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ಮಾರಾಟ ನಿಂತಿತು. ಅದರ ಹರಾಜೂ ಮುಗಿಯಿತು. ಅದೇ ವರ್ಷ ಸರ್ಕಾರವು ದ್ರಾಕ್ಷಿ ಸಂಸ್ಕರಣೆ ಮತ್ತು ದ್ರಾಕ್ಷಾಮದ್ಯದ ನೀತಿಯನ್ನು ಹೊರಡಿಸಿ, ಬಳ್ಳಿ ಬೆಳೆಯುವವನನ್ನು ಸಾರಾಯಿ ಗುತ್ತಿಗೆದಾರನಿಂದ ಬೇರ್ಪಡಿಸಿ ಕಂಡಿತು. ತಲೆಮಾರುಗಳ ಮನೆತನ ಬೆಳೆಯಲು ಬೇಕಾದ ಸ್ಥಿರತೆ ಹೀಗೆ ತಡವಾಗಿ ದೊರೆಯಿತು. ಆದರೆ ಆ ವೇಳೆಗೆ ಇಂತಹ ಉದ್ಯಮಕ್ಕೆ ಬೇಕಾದ ಬಂಡವಾಳವು ಒಂದು ಕುಟುಂಬದ ಶಕ್ತಿಯನ್ನು ಮೀರಿದ್ದಿತು. 2012ರಲ್ಲಿ ಗ್ರೋವರ್ ಸಂಸ್ಥೆಯು ನಾಸಿಕ್ ಕಡೆಯ ವಾಲೆ ದ ವ್ಯಾಂ ಸಂಸ್ಥೆಯೊಡನೆ ವಿಲೀನಗೊಂಡು ಗ್ರೋವರ್ ಜಂಪಾ ಎನಿಸಿತು. ಅಂದಿನಿಂದ ಅದು ಒಂದೇ ಮನೆಯ ಒಡೆತನದ್ದಾಗಿ ಉಳಿಯಲಿಲ್ಲ.