ಐದು ಪಾಲಿನವರು, ಐವತ್ತೆರಡು ಪಾಲಿನವರು

ನನ್ನ ತಂದೆಯವರು ಪ್ರಾಥಮಿಕ ಶಾಲೆಯ ಉಪಾಧ್ಯಾಯರಾಗಿದ್ದರು. ಅವರ ಟ್ರಂಕಿನ ತಳದಲ್ಲಿ, ಮದುವೆಯ ಪಂಚೆ ಮತ್ತು ಜಮೀನಿನ ಹಳೆಯ ಕಾಗದಗಳ ಕೆಳಗೆ, ಐದು ಸಾವಿರ ರೂಪಾಯಿಗಳ ಒಂದು ಜೀವವಿಮೆಯ ಪಾಲಿಸಿ ಇತ್ತು. ಮೂರು ತಿಂಗಳಿಗೊಮ್ಮೆ ಕಂತು ಕಟ್ಟಿ ಬಂದು ರಸೀದಿಯನ್ನು ಅದರೊಳಗೆ ಮಡಿಸಿಡುವುದು ಅವರ ಪದ್ಧತಿ. "ಈ ಹಣ ಎಲ್ಲಿಗೆ ಹೋಗುತ್ತದೆ?" ಎಂದು ಹುಡುಗನಾಗಿದ್ದಾಗ ನಾನು ಕೇಳಿದ್ದುಂಟು. "ಸರ್ಕಾರದ ಹತ್ತಿರ ಭದ್ರವಾಗಿರುತ್ತದೆ ಕಣೋ" ಎಂದು ಹೇಳಿ ಅವರು ಟ್ರಂಕಿಗೆ ಬೀಗ ಹಾಕಿದ್ದರು.

ಆ ಉತ್ತರ ಸುಳ್ಳೇನೂ ಅಲ್ಲ. ಜೀವವಿಮಾ ನಿಗಮದ ಪಾಲಿಸಿಗಳಿಗೆ ಕೇಂದ್ರ ಸರ್ಕಾರದ ಖಾತರಿ ಕಾನೂನಿನಲ್ಲಿಯೇ ಇದೆ. ಆದರೆ ಹಣವು ಸರ್ಕಾರದ ತಿಜೋರಿಯಲ್ಲಿ ಸುಮ್ಮನೆ ಕುಳಿತಿರಲಿಲ್ಲ. ಅದರ ಒಂದು ಭಾಗ ದೇಶದ ದೊಡ್ಡ ದೊಡ್ಡ ಕಂಪನಿಗಳ ಷೇರುಗಳಾಗಿ ಮಾರ್ಪಟ್ಟಿತ್ತು. ನಮ್ಮೂರಿನ ಡಾಕ್ಟರು ಹಳ್ಳಿಹಳ್ಳಿಗೆ ಓಡಿಸಿಕೊಂಡು ಹೋಗುತ್ತಿದ್ದ ರಾಜದೂತ್ ಮೋಟಾರ್ ಸೈಕಲ್ಲನ್ನು ತಯಾರಿಸುತ್ತಿದ್ದ ಎಸ್ಕಾರ್ಟ್ಸ್ ಕಂಪನಿಯೂ ಅವುಗಳಲ್ಲೊಂದು. ಎಂದಮೇಲೆ ಆ ಕಂಪನಿಯಲ್ಲಿ ನಮ್ಮ ತಂದೆಯವರಿಗೂ ಎಳ್ಳಷ್ಟು ಪಾಲಿತ್ತೆಂದು ವಾದಿಸಬಹುದು. ಈ ಸಂಗತಿ ಅವರಿಗೆ ತಿಳಿದಿರಲಿಲ್ಲ. ಕಂಪನಿಯವರಿಗಂತೂ ತಿಳಿಯುವ ಕಾರಣವೇ ಇರಲಿಲ್ಲ. 1983ರಿಂದ 1985ರವರೆಗೆ ಆ ಕಂಪನಿಯ ಒಡೆತನ ಯಾರದೆಂಬ ಪ್ರಶ್ನೆ ದೇಶದ ಅತ್ಯುಚ್ಚ ನ್ಯಾಯಾಲಯದವರೆಗೂ ಹೋಯಿತು. ಅದರ ಕಥೆಯನ್ನು ಹೇಳಬೇಕೆಂದಿದ್ದೇನೆ.

ಕಂಪನಿಯ ಕಾನೂನು ಓದುವುದಕ್ಕೆ ಬಹು ಸರಳ. ಬಂಡವಾಳವನ್ನು ಷೇರುಗಳಾಗಿ ಹಂಚುತ್ತಾರೆ; ಹೆಚ್ಚು ಷೇರು ಇದ್ದವನಿಗೆ ಹೆಚ್ಚು ಮತ; ಮತಗಳಿಂದ ನಿರ್ದೇಶಕರ ಆಯ್ಕೆ; ನಿರ್ದೇಶಕರಿಂದ ಆಡಳಿತ. ನಡೆವಳಿಕೆಯಲ್ಲಿ ಹೀಗಾಗುವುದು ಅಪರೂಪ. ಅಮೆರಿಕದ ದೊಡ್ಡ ಕಂಪನಿಗಳಲ್ಲಿ ಒಡೆತನ ಒಂದು ಕಡೆ, ಅಧಿಕಾರ ಇನ್ನೊಂದು ಕಡೆ ಬೇರೆಯಾಗಿ ನಿಂತಿವೆ ಎಂದು ಬರ್ಲ್ ಮತ್ತು ಮೀನ್ಸ್ ಎಂಬ ಇಬ್ಬರು ವಿದ್ವಾಂಸರು 1932ರಲ್ಲಿಯೇ ಗ್ರಂಥ ಬರೆದು ತೋರಿಸಿದರು. ನಮ್ಮವರಿಗೆ ಇದನ್ನು ತಿಳಿಯಲು ಅಷ್ಟು ದೂರ ಹೋಗಬೇಕಾಗಿಲ್ಲ. ಊರ ದೇವಸ್ಥಾನದ ಉಂಬಳಿ ದೇವರದು, ಹುಂಡಿ ಭಕ್ತರದು, ಬೀಗದ ಕೈ ಮಾತ್ರ ಮೊಕ್ತೇಸರರ ಸೊಂಟದಲ್ಲಿ.

ಬ್ರಿಟಿಷರ ಕಾಲದಿಂದ ನಮ್ಮಲ್ಲಿ ಬೇರೂರಿದ್ದ ಮ್ಯಾನೇಜಿಂಗ್ ಏಜೆನ್ಸಿ ಎಂಬ ವ್ಯವಸ್ಥೆ ಇಂಥ ಮೊಕ್ತೇಸರಿಕೆಯೇ. ಒಂದು ಮನೆತನ ಅಥವಾ ಒಂದು ವ್ಯಾಪಾರಿ ಸಂಸ್ಥೆ ಹತ್ತಾರು ಕಂಪನಿಗಳನ್ನು ಒಪ್ಪಂದದ ಬಲದಿಂದ ನಡೆಸುವುದು. ಆ ಕಂಪನಿಗಳಲ್ಲಿ ಅದರ ಸ್ವಂತ ಷೇರು ಅತ್ಯಲ್ಪವಾಗಿದ್ದರೂ ನಡೆಯುತ್ತಿತ್ತು. 1970ರ ಏಪ್ರಿಲಿನಲ್ಲಿ ಈ ವ್ಯವಸ್ಥೆಯನ್ನು ಕಾನೂನಿನಿಂದ ರದ್ದುಪಡಿಸಿದರು. ಒಪ್ಪಂದಗಳು ಹೋದವು. ಮನೆತನಗಳು ಮಾತ್ರ ಕುಳಿತ ಕುರ್ಚಿಯಲ್ಲೇ ಕುಳಿತಿದ್ದವು. ಹಿಂದೆ ಏಜೆಂಟರೆನಿಸಿಕೊಂಡವರು ಈಗ ಅಧ್ಯಕ್ಷರು, ವ್ಯವಸ್ಥಾಪಕ ನಿರ್ದೇಶಕರು ಎನಿಸಿಕೊಂಡರು.

ಇತ್ತ ಇನ್ನೊಬ್ಬ ಷೇರುದಾರ ಸದ್ದಿಲ್ಲದೆ ಬೆಳೆಯುತ್ತಿದ್ದ. 1956ರ ಜನವರಿಯಲ್ಲಿ ಸರ್ಕಾರವು ಸುಗ್ರೀವಾಜ್ಞೆಯ ಮೂಲಕ ಜೀವವಿಮೆಯ ವ್ಯವಹಾರವನ್ನು ತನ್ನ ಕೈಗೆ ತೆಗೆದುಕೊಂಡಿತು. ಸ್ವದೇಶಿ, ವಿದೇಶಿ ಕಂಪನಿಗಳು ಮತ್ತು ಪ್ರಾವಿಡೆಂಟ್ ಸೊಸೈಟಿಗಳು ಸೇರಿ ಒಟ್ಟು 245 ಸಂಸ್ಥೆಗಳು ಒಂದಾಗಿ ಅದೇ ವರ್ಷ ಸೆಪ್ಟೆಂಬರ್ 1ರಂದು ಜೀವವಿಮಾ ನಿಗಮ ಹುಟ್ಟಿತು. ಸರ್ಕಾರ ಹಾಕಿದ ಬಂಡವಾಳ ಐದು ಕೋಟಿ ರೂಪಾಯಿ. ಮಿಕ್ಕದ್ದೆಲ್ಲ ಗುಮಾಸ್ತರ, ಉಪಾಧ್ಯಾಯರ, ಅಂಗಡಿಕಾರರ ಕಂತಿನ ಹಣ. ಮಿಗುವರಮಾನದಲ್ಲಿ ನೂರಕ್ಕೆ 95ಕ್ಕೆ ಕಡಿಮೆಯಾಗದಂತೆ ಪಾಲಿಸಿದಾರರಿಗೇ ಸಲ್ಲಬೇಕೆಂದು ಮೂಲ ಶಾಸನ ವಿಧಿಸಿತ್ತು.

ಹುಟ್ಟಿದ ಮರುವರ್ಷವೇ ನಿಗಮದ ಹಣಕ್ಕೆ ಕಣ್ಣು ತಗುಲಿತು. ಕಲ್ಕತ್ತೆಯ ಹರಿದಾಸ್ ಮೂಂಧ್ರಾ ಎಂಬ ವರ್ತಕರ ಆರು ಕಂಪನಿಗಳ ಷೇರುಗಳನ್ನು ನಿಗಮವು 1957ರ ಜೂನಿನಲ್ಲಿ ಸುಮಾರು ಒಂದೂಕಾಲು ಕೋಟಿ ರೂಪಾಯಿ ಕೊಟ್ಟು ಕೊಂಡಿತು. ಆ ವರ್ತಕರು ಆಗ ಹಣದ ಮುಗ್ಗಟ್ಟಿನಲ್ಲಿ ಸಿಕ್ಕಿದ್ದರು; ಷೇರುಗಳಿಗೆ ಆ ಬೆಲೆ ಇರಲಿಲ್ಲ. ಲೋಕಸಭೆಯಲ್ಲಿ ಈ ವಿಷಯವನ್ನು ಎತ್ತಿ ಹಿಡಿದವರು ಆಡಳಿತ ಪಕ್ಷದವರೇ ಆದ, ಪ್ರಧಾನಿಯ ಅಳಿಯ ಫಿರೋಜ್ ಗಾಂಧಿ. ಮುಂಬಯಿಯ ಮುಖ್ಯ ನ್ಯಾಯಾಧೀಶ ಎಂ. ಸಿ. ಛಾಗ್ಲಾ ಅವರು ಕೆಲವೇ ವಾರಗಳಲ್ಲಿ ಬಹಿರಂಗ ವಿಚಾರಣೆ ನಡೆಸಿ ವರದಿ ಕೊಟ್ಟರು. ಅರ್ಥಸಚಿವ ಟಿ. ಟಿ. ಕೃಷ್ಣಮಾಚಾರಿ 1958ರ ಫೆಬ್ರವರಿಯಲ್ಲಿ ರಾಜೀನಾಮೆಯಿತ್ತರು.

ಪಾಲಿಸಿದಾರರ ಹೆಸರಿನಲ್ಲಿ ದೇಶದಲ್ಲಿ ಒಂದು ದೊಡ್ಡ ಗದ್ದಲವೆದ್ದದ್ದು ಆಗ. ನನಗೆ ತಿಳಿದಮಟ್ಟಿಗೆ ಅಷ್ಟು ದೊಡ್ಡ ಗದ್ದಲ ಅವರಿಗಾಗಿ ಮತ್ತೆ ಏಳಲಿಲ್ಲ.

ಆ ಪೆಟ್ಟಿನಿಂದ ನಿಗಮವು ಒಂದು ಪಾಠ ಕಲಿತಿರಬೇಕು: ಷೇರು ಕೊಳ್ಳಬಹುದು, ಬಾಯಿ ತೆರೆಯಬಾರದು. ಕಾರ್ಖಾನೆಗಳನ್ನು ಬೆಳೆಸಲು ಹೊರಟ ಮನೆತನಗಳಿಗೆ ಕೈಯಲ್ಲಿ ಹಣ ಸಾಲದು. ಸಾಲ ಕೊಡಲು ಸರ್ಕಾರಿ ಹಣಕಾಸು ಸಂಸ್ಥೆಗಳಿದ್ದವು. ಅವೇ ಷೇರುಗಳನ್ನೂ ಕೊಂಡವು. ಕೊಟ್ಟ ಸಾಲದ ಒಂದು ಭಾಗವನ್ನು ಷೇರುಗಳಾಗಿ ಪರಿವರ್ತಿಸಿಕೊಳ್ಳುವ ಹಕ್ಕು ಆ ಸಂಸ್ಥೆಗಳಿಗೆ ಇರಬೇಕೆಂದು 1969ರಲ್ಲಿ ದತ್ ಸಮಿತಿ ಸೂಚಿಸಿತು. ಮುಂದೆ ಅದು ನಿಯಮವೂ ಆಯಿತು. ಹೀಗೆ ವರ್ಷವರ್ಷಕ್ಕೂ ಸಂಸ್ಥೆಗಳ ಪಾಲು ಏರಿ ಅನೇಕ ಪ್ರಸಿದ್ಧ ಕಂಪನಿಗಳಲ್ಲಿ ಮನೆತನದ ಪಾಲನ್ನು ಹಲವು ಪಟ್ಟು ಮೀರಿತು. ಆದರೂ ಮಹಾಸಭೆಯಲ್ಲಿ ಸಂಸ್ಥೆಗಳ ಪ್ರತಿನಿಧಿ ಕೈ ಎತ್ತುವುದು ಮನೆತನದ ಪರವಾಗಿಯೇ ಎಂಬುದು ವಾಡಿಕೆ. ಇದು ಬರೆಯದ ಒಪ್ಪಂದ.

ಎಸ್ಕಾರ್ಟ್ಸ್ ಇದಕ್ಕೆ ಒಳ್ಳೆಯ ನಿದರ್ಶನ. ಹರ್‌ಪ್ರಸಾದ್ ನಂದಾ ಮತ್ತು ಅವರ ಸಹೋದರ ಸೇರಿ 1944ರಲ್ಲಿ ಲಾಹೋರಿನಲ್ಲಿ ಆರಂಭಿಸಿದ ಸಂಸ್ಥೆ ಅದು. ದೇಶ ವಿಭಜನೆಯಲ್ಲಿ ಲಾಹೋರನ್ನು ಕಳೆದುಕೊಂಡು ದೆಹಲಿಗೆ ಬಂದು ಮತ್ತೆ ಕಟ್ಟಿದವರು ನಂದಾ. ಫರೀದಾಬಾದಿನಲ್ಲಿ ಟ್ರ್ಯಾಕ್ಟರು, ಮೋಟಾರ್ ಸೈಕಲ್ಲುಗಳ ಕಾರ್ಖಾನೆ ಎದ್ದಿತು. 'ನನ್ನ ಕಂಪನಿ' ಎಂದು ಅವರು ಭಾವಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಮನೆ ಕಟ್ಟಿದವನಿಗೆ ಅದು ಸಹಜ. ಆದರೆ 1983ರಲ್ಲಿ ಪುಸ್ತಕ ತೆಗೆದು ನೋಡಿದರೆ ನಂದಾ ಮನೆತನದ ಷೇರು ನೂರಕ್ಕೆ 5ರ ಆಸುಪಾಸು. ಜೀವವಿಮಾ ನಿಗಮ ಮತ್ತು ಇತರ ಸರ್ಕಾರಿ ಸಂಸ್ಥೆಗಳದು ಒಟ್ಟಾಗಿ 52.

ಅಂಥ ಸಮಯದಲ್ಲಿ ಹೊರಗಿನಿಂದ ಒಬ್ಬರು ಬಾಗಿಲು ತಟ್ಟಿದರು. ಜಲಂಧರಿನಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಉಕ್ಕಿನ ಉದ್ಯಮ ಕಟ್ಟಿದ್ದ ಸ್ವರಾಜ್ ಪಾಲ್. ವಿದೇಶಿ ವಿನಿಮಯದ ಅಭಾವದಲ್ಲಿದ್ದ ಸರ್ಕಾರವು, ಅನಿವಾಸಿ ಭಾರತೀಯರು ಇಲ್ಲಿಯ ಕಂಪನಿಗಳ ಷೇರು ಕೊಳ್ಳಬಹುದೆಂದು 1982ರಲ್ಲಿ ಅವಕಾಶ ಕಲ್ಪಿಸಿತ್ತು. ನೂರಕ್ಕೆ 60 ಪಾಲಾದರೂ ಅನಿವಾಸಿಗಳ ಒಡೆತನದಲ್ಲಿರುವ ವಿದೇಶಿ ಕಂಪನಿಗಳಿಗೂ ಆ ಅವಕಾಶವಿತ್ತು. ಒಬ್ಬರು ಒಂದು ಕಂಪನಿಯಲ್ಲಿ ಕೊಳ್ಳಬಹುದಾದದ್ದು ನೂರಕ್ಕೆ ಒಂದು. ಪಾಲ್ ಅವರ ಕಪಾರೋ ಬಳಗದ ಹದಿಮೂರು ಕಂಪನಿಗಳು ಬೇರೆಬೇರೆಯಾಗಿ ಎಸ್ಕಾರ್ಟ್ಸಿನ ಷೇರು ಕೊಂಡವು. ಹದಿಮೂರು ಬೆರಳು, ಕೈ ಮಾತ್ರ ಒಂದೇ! ಶ್ರೀರಾಮ್ ಮನೆತನದ ಡಿ.ಸಿ.ಎಂ. ಕಂಪನಿಯ ಷೇರುಗಳನ್ನೂ ಅವರು ಕೊಂಡರು. ಒಬ್ಬೊಬ್ಬರಿಗೆ ಒಂದು ಎಂಬುದರ ಜೊತೆಗೆ ಅನಿವಾಸಿಗಳೆಲ್ಲರಿಗೂ ಸೇರಿ ನೂರಕ್ಕೆ 5 ಎಂಬ ಮಿತಿಯನ್ನು ಸರ್ಕಾರ ಗೊತ್ತುಮಾಡಿದ್ದು 1983ರ ಮೇ ತಿಂಗಳಲ್ಲಿ, ಗಲಾಟೆ ಆರಂಭವಾದ ಮೇಲೆ.

ನಂದಾ ಅವರು ಷೇರುಗಳ ವರ್ಗಾವಣೆಯನ್ನು ಪುಸ್ತಕದಲ್ಲಿ ದಾಖಲಿಸಲು ನಿರಾಕರಿಸಿದರು. ರಿಸರ್ವ್ ಬ್ಯಾಂಕಿನ ಅನುಮತಿ ಮೊದಲೇ ಪಡೆದಿಲ್ಲ, ಹದಿಮೂರೂ ಒಂದೇ, ಎಂಬಿವೇ ಮೊದಲಾದ ಆಕ್ಷೇಪಣೆಗಳು. 1983ರ ಕೊನೆಗೆ ಮುಂಬಯಿ ಉಚ್ಚ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಪಾಲ್ ಅವರು ಇಂದಿರಾ ಗಾಂಧಿಯವರಿಗೆ ನಿಕಟರೆಂಬ ಮಾತು ಎಲ್ಲೆಡೆ ಇದ್ದ ಕಾಲ ಅದು. ಸರ್ಕಾರದ ವಿರುದ್ಧ ಒಬ್ಬ ಉದ್ಯಮಿ ದಾವೆ ಹೂಡುವುದು ಸಣ್ಣ ಧೈರ್ಯವಲ್ಲ. ಆದರೆ ಒಂದು ಕೆಲಸವನ್ನು ಅವರು ಮಾಡಲಿಲ್ಲ. ದಾವೆಗೆ ಮುನ್ನ, 52 ಪಾಲಿನ ಒಡೆಯರನ್ನು ಒಂದು ಮಾತೂ ಕೇಳಲಿಲ್ಲ. ಕೇಳಬೇಕೆಂದು ಅವರಿಗೆ ತೋಚಿರಲೂ ಇಲ್ಲವೇನೋ. ಇಪ್ಪತ್ತು ಮೂವತ್ತು ವರ್ಷ ಬಾಯಿ ತೆರೆಯದವರನ್ನು ಯಾರು ತಾನೆ ಕೇಳುತ್ತಾರೆ?

ನಿಗಮ ಬಾಯಿ ತೆರೆಯಿತು. 1984ರ ಫೆಬ್ರವರಿ 11ರಂದು ಅದು ಕಂಪನಿಗೆ ನೋಟೀಸು ಕಳುಹಿಸಿತು: ಷೇರುದಾರರ ವಿಶೇಷ ಮಹಾಸಭೆ ಕರೆಯಿರಿ, ಒಂಬತ್ತು ಮಂದಿ ನಿರ್ದೇಶಕರನ್ನು ತೆಗೆದು ನಾವು ಸೂಚಿಸುವ ಒಂಬತ್ತು ಮಂದಿಯನ್ನು ನೇಮಿಸುವ ನಿರ್ಣಯ ತರುತ್ತೇವೆ. ಉದ್ಯಮ ವಲಯ ತಲ್ಲಣಿಸಿತು. ಒಳಗಿನವರ ಆಳ್ವಿಕೆ ನಿಂತಿದ್ದದ್ದು ಹೊರಗಿನ ಈ ದೊಡ್ಡ ಷೇರುದಾರನ ಮೌನದ ಮೇಲೆ ಎಂಬುದು ಒಂದೇ ಕಾಗದದಿಂದ ಬಯಲಾಯಿತು.

ಇಲ್ಲಿ ನನ್ನ ಮನಸ್ಸು ಇಬ್ಬಗೆಯಾಗುತ್ತದೆ. ಷೇರಿನ ಲೆಕ್ಕದಲ್ಲಿ ನಿಗಮ ಮಾಡಿದ್ದು ಸರಿ. ಅಷ್ಟು ಪಾಲಿನವರು ಐದು ಪಾಲಿನವರ ಮುಂದೆ ಕೈಕಟ್ಟಿ ನಿಲ್ಲಬೇಕೆಂದು ಯಾವ ಶಾಸ್ತ್ರವೂ ಹೇಳುವುದಿಲ್ಲ. ಆದರೆ ಆ ಕಾಗದಕ್ಕೆ ನಿಗಮದ ಮುದ್ರೆಯಿದ್ದರೂ ಅದನ್ನು ಬರೆಸಿದವರು ಯಾರು ಎಂಬ ಸಂದೇಹ ಅಂದು ಅನೇಕರಿಗೆ ಬಂದಿತ್ತು, ನನಗೂ ಬಂದಿತ್ತು. ನಂದಾ ಅವರ ವಾದವೂ ಅದೇ: ಇದು ಷೇರುದಾರನ ಕೋಪವಲ್ಲ, ಸರ್ಕಾರದ ಸೇಡು. 1984ರ ಕೊನೆಯಲ್ಲಿ ಮುಂಬಯಿ ಉಚ್ಚ ನ್ಯಾಯಾಲಯ ಈ ವಾದವನ್ನು ಎತ್ತಿಹಿಡಿದು ನಿಗಮದ ನೋಟೀಸು ಸದುದ್ದೇಶದ್ದಲ್ಲವೆಂದು ತೀರ್ಮಾನಿಸಿತು.

ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರ ಪೀಠ 1985ರ ಡಿಸೆಂಬರ್ 19ರಂದು ಆ ತೀರ್ಪನ್ನು ತಿರುಗಿಸಿತು. ತೀರ್ಪನ್ನು ಬರೆದವರು ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿ. ರಿಸರ್ವ್ ಬ್ಯಾಂಕಿನ ಅನುಮತಿಯನ್ನು ಕೊಂಡ ಮೇಲೆಯೂ ಪಡೆಯಬಹುದು, ಕಂಪನಿಯೆಂಬ ಪರದೆಯನ್ನು ಎತ್ತಿ ನೋಡುವುದು 60 ಪಾಲು ಅನಿವಾಸಿಗಳದೇ ಹೌದೆ ಎಂದು ತಿಳಿಯುವಷ್ಟಕ್ಕೆ ಮಾತ್ರ, ಇವೆಲ್ಲ ಅದರಲ್ಲಿವೆ. ನಮಗೆ ಮುಖ್ಯವಾದದ್ದು ನಿಗಮದ ನೋಟೀಸಿನ ಬಗೆಗೆ ಹೇಳಿದ್ದು. ವಿಶೇಷ ಸಭೆ ಕರೆಯುವುದು, ನಿರ್ದೇಶಕರನ್ನು ತೆಗೆಯುವ ನಿರ್ಣಯ ತರುವುದು ಯಾವುದೇ ಷೇರುದಾರನ ಹಕ್ಕು; ಅದಕ್ಕೆ ಅವನು ಕಾರಣ ಕೊಡಬೇಕಾಗಿಲ್ಲ. ಷೇರುದಾರ ಸರ್ಕಾರದ ಸಂಸ್ಥೆಯೆಂಬ ಮಾತ್ರಕ್ಕೆ ಆ ಹಕ್ಕು ಕುಗ್ಗುವುದೂ ಇಲ್ಲ. ತನ್ನನ್ನು ಕೇಳದೆ ದಾವೆ ಹೂಡಿದ ಆಡಳಿತದ ಮೇಲೆ ನಿಗಮ ಅಸಮಾಧಾನಗೊಂಡದ್ದು ಸಹಜವೇ.

ತೀರ್ಪು ಬಂದಿತು, ಕುರ್ಚಿ ಬದಲಾಗಲಿಲ್ಲ. ಅಷ್ಟರಲ್ಲಿ ಇಂದಿರಾ ಗಾಂಧಿಯವರು ತೀರಿಕೊಂಡಿದ್ದರು, ದೆಹಲಿಯ ಗಾಳಿ ಬೇರೆಯಾಗಿತ್ತು. ಪಾಲ್ ಅವರು ಕೊನೆಗೆ ಷೇರುಗಳನ್ನು ಮಾರಿ ಹೊರನಡೆದರು. ನಂದಾ ಮನೆತನವೇ ಮತ್ತೆ ದಶಕಗಳ ಕಾಲ ಕಂಪನಿ ನಡೆಸಿತು. ಆ ಮನೆಯ ಸೊಸೆ, ರಾಜ್ ಕಪೂರರ ಮಗಳು ರಿತು ನಂದಾ, ಮುಂದೆ ಇದೇ ಜೀವವಿಮಾ ನಿಗಮದ ಏಜೆಂಟರಾಗಿ ಹೆಸರು ಮಾಡಿದ್ದನ್ನು ಓದಿದಾಗ ನನಗೆ ನಗು ಬಂದಿತ್ತು. ಜಪಾನಿನ ಕುಬೋಟಾ ಸಂಸ್ಥೆ ಹೆಚ್ಚಿನ ಪಾಲು ಕೊಂಡು 2022ರಲ್ಲಿ ಕಂಪನಿಯ ಹೆಸರೇ ಎಸ್ಕಾರ್ಟ್ಸ್ ಕುಬೋಟಾ ಎಂದಾಯಿತು.

ಒಳಗಿನವರು ಮಾತ್ರ ಪಾಠ ಕಲಿತರು. ಐದು ಪಾಲಿನ ಮೇಲೆ ಕುಳಿತಿರುವುದು ಕ್ಷೇಮವಲ್ಲವೆಂದು ಅನೇಕ ಮನೆತನಗಳು ತಮ್ಮ ಪಾಲನ್ನು ಹೆಚ್ಚಿಸಿಕೊಳ್ಳತೊಡಗಿದವು. 1994ರಲ್ಲಿ, ಮತ್ತೆ 1997ರಲ್ಲಿ ಕಂಪನಿಗಳನ್ನು ವಶಪಡಿಸಿಕೊಳ್ಳುವ ಬಗೆಗೆ ನಿಯಮಾವಳಿಗಳು ಬಂದವು. ಪ್ರವರ್ತಕರದೆಷ್ಟು, ಸಂಸ್ಥೆಗಳದೆಷ್ಟು, ಸಾರ್ವಜನಿಕರದೆಷ್ಟು ಎಂದು ಮೂರು ತಿಂಗಳಿಗೊಮ್ಮೆ ಪಟ್ಟಿ ಪ್ರಕಟವಾಗುತ್ತದೆ. 2022ರ ಮೇ ತಿಂಗಳಲ್ಲಿ ಜೀವವಿಮಾ ನಿಗಮವೇ ಷೇರುಪೇಟೆಗೆ ಬಂದಿತು. ಸರ್ಕಾರ ಮಾರಿದ್ದು ನೂರಕ್ಕೆ ಮೂರೂವರೆ ಪಾಲು. ಬೆಲೆ ಷೇರೊಂದಕ್ಕೆ 949 ರೂಪಾಯಿ, ಪಾಲಿಸಿದಾರರಿಗೆ 60 ರೂಪಾಯಿ ರಿಯಾಯಿತಿ. ಅರವತ್ತಾರು ವರ್ಷ ಅವರ ಹಣದಿಂದಲೇ ಬೆಳೆದ ಸಂಸ್ಥೆಯಲ್ಲಿ ಪಾಲು ಬೇಕಾದರೆ ಅವರೂ ಅರ್ಜಿ ಹಾಕಬೇಕಾಯಿತು.

1985ರ ಆ ತೀರ್ಪಿನ ಸುದ್ದಿ ಬಂದ ದಿನ ತಂದೆಯವರು ನಿವೃತ್ತರಾಗಿ ಮನೆಯಲ್ಲಿದ್ದರು. ನಾನು ಪತ್ರಿಕೆಯನ್ನು ಗಟ್ಟಿಯಾಗಿ ಓದಿ, ನಿಮ್ಮ ಕಂತಿನ ಹಣದ ಷೇರುಗಳಿಗೆ ಎಷ್ಟು ಅಧಿಕಾರವಿದೆ ನೋಡಿ ಎಂದು ವಿವರಿಸಿದೆ. ಒಂಬತ್ತು ನಿರ್ದೇಶಕರ ಸಂಗತಿಯನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸುತ್ತಾ ಕೇಳಿಸಿಕೊಂಡರು. "ಎಲ್ಲಾ ಸರಿ," ಎಂದರು, "ಈ ವರ್ಷ ಬೋನಸ್ಸು ಸಾವಿರಕ್ಕೆ ಎಷ್ಟು ಅಂತ ಬರೆದಿದ್ದಾರೆಯೇ, ನೋಡು."

ಪತ್ರಿಕೆಯಲ್ಲಿ ಅದೊಂದು ಇರಲಿಲ್ಲ.