ಕಾರಾಪುರದ ಮೋಗ್ಲಿ

ಕೈಯಲ್ಲಿ ಬರೆದ ಚಿತ್ರಗಳ ಮೂಲಕ ಲೋಕದ ಮಕ್ಕಳ ಮನ ಗೆದ್ದ ಅದ್ಭುತ ಕಥೆಗಳನ್ನು ಮತ್ತೆ ನಿಜವಾದ ನಟರಿಂದ ಆಡಿಸಿ ತೆರೆಗೆ ತರುವುದು ಇಂದಿನ ಚಿತ್ರೋದ್ಯಮದ ದೊಡ್ಡ ವ್ಯವಹಾರವಾಗಿದೆ. ಡಿಸ್ನಿ ಸಂಸ್ಥೆಯೊಂದೇ 2015ರಲ್ಲಿ ‘ಸಿಂಡರೆಲಾ’, 2016ರಲ್ಲಿ ‘ದ ಜಂಗಲ್ ಬುಕ್’, 2019ರಲ್ಲಿ ‘ಅಲ್ಲಾದೀನ್’, 2025ರಲ್ಲಿ ‘ಸ್ನೋ ವೈಟ್’ ಎಂದು ತನ್ನ ಹಳೆಯ ಕಾರ್ಟೂನ್ ಚಿತ್ರಗಳಿಗೆ ಹೊಸ ಮೈ ಕೊಡುತ್ತ ಬಂದಿದೆ. ತಾಳವಾಡಿ ಸೀಮೆಯ ನಮ್ಮ ಮನೆಗಳ ಮಕ್ಕಳೂ ಇವನ್ನು ಚೆನ್ನಾಗಿ ಬಲ್ಲರು. ಅಮೆರಿಕದ ಈ ವ್ಯವಹಾರಕ್ಕೂ ಗಡಿನಾಡಿನ ಕನ್ನಡ ಸಮ್ಮೇಳನದ ಸಂಚಿಕೆಗೂ ಏನು ನಂಟು ಎಂದು ಹಿರಿಯರು ಕೇಳಬಹುದು. ನಂಟು ಇದೆ. ಅದು ಕಪಿಲೆಯ ದಡದಲ್ಲಿ ಆರಂಭವಾಗುತ್ತದೆ.

ಹೆಗ್ಗಡದೇವನಕೋಟೆ ಸೀಮೆಯ ಕಾರಾಪುರ ಕಬಿನಿ ಹೊಳೆಯ ಬದಿಯ ಊರು. ನಮ್ಮ ಬೆಟ್ಟಗಳ ಕಾಡು ಮುದುಮಲೆ, ಬಂಡೀಪುರಗಳನ್ನು ಹಾದು ಆ ಊರಿನ ಕಾಡನ್ನೇ ಕೂಡುತ್ತದೆ. 2013ರಲ್ಲಿ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶವೆಂದು ಇಲ್ಲಿ ಫಲಕ ನಿಂತಿತು. ಆನೆಗಳಿಗೆ ಮಾತ್ರ ಇದು ಎಂದಿನಿಂದಲೂ ಒಂದೇ ಸೀಮೆ. ಆ ಕಾರಾಪುರದಲ್ಲಿ 1924ರಲ್ಲಿ ಮಾವುತನೊಬ್ಬನ ಮನೆಯಲ್ಲಿ ಸಾಬು ಎಂಬ ಹುಡುಗ ಹುಟ್ಟಿದ. ಎಳವೆಯಲ್ಲೇ ತಬ್ಬಲಿಯಾಗಿ ಮೈಸೂರು ಮಹಾರಾಜರ ಆನೆಲಾಯದ ಆಶ್ರಯದಲ್ಲಿ ಬೆಳೆದ. ಕಿಪ್ಲಿಂಗನ ಆನೆಯ ಕಥೆಯೊಂದನ್ನು ಚಿತ್ರವಾಗಿಸಲು ಮೈಸೂರಿಗೆ ಬಂದ ರಾಬರ್ಟ್ ಫ್ಲಾಹರ್ಟಿಯ ತಂಡದ ಕಣ್ಣಿಗೆ ಈ ಹುಡುಗ ಬಿದ್ದ. 1937ರಲ್ಲಿ ‘ಎಲಿಫೆಂಟ್ ಬಾಯ್’ ತೆರೆಕಂಡಿತು. ಇಂಗ್ಲಿಷ್ ಬಾರದೆ ಹಡಗು ಹತ್ತಿದವನು ಕೆಲವೇ ವರ್ಷಗಳಲ್ಲಿ ಜಗತ್ಪ್ರಸಿದ್ಧ ನಟನಾದ.

ನಮ್ಮ ವಿಷಯಕ್ಕೆ ಮುಖ್ಯವಾದವು ಅವನ ಮುಂದಿನ ಎರಡು ಚಿತ್ರಗಳು. 1940ರ ‘ದ ಥೀಫ್ ಆಫ್ ಬಾಗ್ದಾದ್’ನಲ್ಲಿ ಅವನು ಅಬು ಎಂಬ ಪುಟ್ಟ ಕಳ್ಳ. 1942ರ ‘ಜಂಗಲ್ ಬುಕ್’ನಲ್ಲಿ ಅವನೇ ಮೋಗ್ಲಿ. ಡಿಸ್ನಿಯ ಮೋಗ್ಲಿ ಹುಟ್ಟಿದ್ದು 1967ರಲ್ಲಿ. ಅಂದರೆ ಬರೆದ ಮೋಗ್ಲಿಗಿಂತ ಕಾಲು ಶತಮಾನ ಮೊದಲೇ ಆನೆಗಳ ನಡುವೆ ಬೆಳೆದ ಜೀವಂತ ಮೋಗ್ಲಿಯೊಬ್ಬ ತೆರೆಯ ಮೇಲೆ ಓಡಾಡಿದ್ದ. ಎರಡನೆಯ ಮಹಾಯುದ್ಧದಲ್ಲಿ ಸಾಬು ಅಮೆರಿಕದ ಬಾಂಬರ್ ವಿಮಾನದ ಹಿಂಬದಿಯ ಗನ್ನರನಾಗಿ ಪದಕ ಪಡೆದ. 1963ರ ಡಿಸೆಂಬರ್‌ನಲ್ಲಿ, ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ, ಹೃದಯಾಘಾತದಿಂದ ತೀರಿಕೊಂಡ. ಕಾರ್ಟೂನ್ ಮೋಗ್ಲಿಯನ್ನು ಅವನು ನೋಡಲಿಲ್ಲ.

ಅವನ ಅಬುವಿಗೆ ಬಂದ ಗತಿ ಇನ್ನೂ ವಿಚಿತ್ರ. 1992ರ ಕಾರ್ಟೂನ್ ‘ಅಲ್ಲಾದೀನ್’ ಆ ಹಳೆಯ ಬಾಗ್ದಾದ್ ಚಿತ್ರದಿಂದ ಧಾರಾಳವಾಗಿ ಎರವಲು ಪಡೆಯಿತು. ದುಷ್ಟ ವಜೀರ ಜಾಫರನ ಹೆಸರು ಅಲ್ಲಿಯದೇ. ಕಳ್ಳ ಹುಡುಗನ ಗುಣವೆಲ್ಲ ಅಲ್ಲಾದೀನನಿಗೆ ಹೋಯಿತು; ಅಬು ಎಂಬ ಹೆಸರು ಮಾತ್ರ ಅವನ ಕೋತಿಗೆ ಸಿಕ್ಕಿತು. 2019ರಲ್ಲಿ ಅದೇ ಕಥೆ ಮತ್ತೆ ನಿಜವಾದ ನಟರ ಚಿತ್ರವಾದಾಗಲೂ ಆ ಹೆಸರು ಕೋತಿಯಲ್ಲೇ ಉಳಿಯಿತು. ಮೈಸೂರಿನ ಹುಡುಗನೊಬ್ಬನ ಪಾತ್ರಕ್ಕೆ ಸಂದ ಸ್ಮಾರಕ ಇಷ್ಟು!

ಚಿತ್ರದಿಂದ ನಟರಿಗೆ, ನಟರಿಂದ ಚಿತ್ರಕ್ಕೆ ಕಥೆ ದಾಟುವಾಗ ಪ್ರತಿ ಸಲವೂ ಏನೋ ಸೇರುತ್ತದೆ, ಏನೋ ಸೋರುತ್ತದೆ. ಕಿಪ್ಲಿಂಗನ 1894ರ ಪುಸ್ತಕದಲ್ಲಿ ಹೆಬ್ಬಾವು ಕಾ ಮೋಗ್ಲಿಯ ಹಿತೈಷಿ. 1967ರ ಚಿತ್ರ ಅದನ್ನು ವಂಚಕನನ್ನಾಗಿಸಿತು. 2016ರ ಚಿತ್ರ ಪುಸ್ತಕವನ್ನು ಬಿಟ್ಟು ಕಾರ್ಟೂನನ್ನೇ ಅನುಸರಿಸಿತು. ಪುಸ್ತಕದಲ್ಲಿಲ್ಲದ ಒರಾಂಗುಟಾನ್ ರಾಜನನ್ನು ಡಿಸ್ನಿಯವರೇ ಸೃಷ್ಟಿಸಿದ್ದರು. ಆ ವಾನರ ಇರುವುದು ಬೋರ್ನಿಯೊ, ಸುಮಾತ್ರಾ ದ್ವೀಪಗಳಲ್ಲಿ, ಭಾರತದಲ್ಲಲ್ಲ. ಇದು ಹೊಸಬರಿಗೆ ಹೊಳೆದು, ಅವನನ್ನು ಎಂದೋ ಅಳಿದುಹೋದ ದೈತ್ಯವಾನರನನ್ನಾಗಿ ಬದಲಾಯಿಸಿದರು. ಪ್ರಾಣಿಶಾಸ್ತ್ರ ಸರಿಯಾಯಿತು, ಹೆಬ್ಬಾವಿಗೆ ಮಾತ್ರ ನ್ಯಾಯ ಸಿಗಲಿಲ್ಲ. ಇನ್ನು ‘ಜೀವಂತ’ ಎಂಬ ಮಾತು. 2016ರ ಚಿತ್ರದಲ್ಲಿ ಪ್ರಾಣಿಗಳೆಲ್ಲ ಕಂಪ್ಯೂಟರಿನವು, ಕಾಡೂ ಅದರದೇ; ಲಾಸ್ ಏಂಜಲೀಸ್‌ನ ಸ್ಟುಡಿಯೋದಲ್ಲಿ ನಿಂತ ಬಾಲನಟ ನೀಲ್ ಸೇಠಿಯೊಬ್ಬನೇ ನಿಜ. ಹಾಗೆ ನೋಡಿದರೆ ಅದು ಮತ್ತೊಂದು ಬಗೆಯ ಕಾರ್ಟೂನೇ ಎಂಬುದು ನಮ್ಮ ಅಭಿಪ್ರಾಯ. 1942ರ ಚಿತ್ರದ ಕಾಡೂ ಕ್ಯಾಲಿಫೋರ್ನಿಯಾದಲ್ಲಿ ಹಾಕಿದ ಸೆಟ್ಟೇ ಆಗಿತ್ತು. ಆದರೆ ಅಲ್ಲಿ ಮೃಗಗಳ ಬದಿಯಲ್ಲಿ ನಿಂತ ಹುಡುಗನಿಗೆ ಮೃಗದ ಮೈಯ ಬಿಸಿ ಗೊತ್ತಿತ್ತು.

ಆ ಕಂಪ್ಯೂಟರ್ ಕಾಡನ್ನು ಕಟ್ಟಿದವರಲ್ಲಿ ನಮ್ಮ ನೆರೆಯವರೂ ಇದ್ದರು. ಚಿತ್ರದ ದೃಶ್ಯಕೌಶಲಕ್ಕೆ ಆಸ್ಕರ್ ತಂದ ಎಂಪಿಸಿ ಸಂಸ್ಥೆಯ ಬೆಂಗಳೂರು ಶಾಖೆಯ ಕಲಾವಿದರು ಅದರಲ್ಲಿ ದುಡಿದಿದ್ದರು. ಅಂದು ಕಾರಾಪುರದ ಹುಡುಗನ ಮೈ, ಇಂದು ಬೆಂಗಳೂರಿನವರ ಕೈ. ಆದರೂ ಹಿಂದಿ, ತಮಿಳು, ತೆಲುಗುಗಳಲ್ಲಿ ಮಾತನಾಡಿದ ಮೋಗ್ಲಿ ಕನ್ನಡದಲ್ಲಿ ಬಾಯಿ ತೆರೆಯಲಿಲ್ಲ. ದಿಂಬಂ ಘಾಟಿಯ ಇಪ್ಪತ್ತೇಳು ತಿರುವು ಇಳಿದು ಸತ್ಯಮಂಗಲಕ್ಕೆ ಹೋದರೂ ಅಷ್ಟೇ, ಗಡಿ ದಾಟಿ ಚಾಮರಾಜನಗರಕ್ಕೆ ಹೋದರೂ ಅಷ್ಟೇ; ನಮ್ಮ ಮಕ್ಕಳಿಗೆ ಕನ್ನಡದ ಮೋಗ್ಲಿ ಸಿಗುತ್ತಿರಲಿಲ್ಲ.

ಇದಕ್ಕೆ ಕಾರಣವಾದ ಇತಿಹಾಸವನ್ನು ಹಗುರವಾಗಿ ಕಾಣಲಾಗದು. 1960ರ ದಶಕದಲ್ಲಿ ಅ.ನ.ಕೃ. ಮೊದಲಾದವರು ಡಬ್ಬಿಂಗ್ ವಿರುದ್ಧ ದನಿ ಎತ್ತಿದಾಗ ಕನ್ನಡ ಚಿತ್ರರಂಗ ಇನ್ನೂ ಎಳೆಯದು. ಪರಭಾಷೆಯ ಚಿತ್ರಗಳು ಕನ್ನಡದ ಮಾತು ತೊಟ್ಟು ಬಂದರೆ ನಮ್ಮ ನಟರೂ ತಂತ್ರಜ್ಞರೂ ಬೀದಿಗೆ ಬೀಳುತ್ತಾರೆಂಬ ಭಯ ಸಕಾರಣವಾಗಿತ್ತು. ನಮ್ಮ ದೊಡ್ಡಗಾಜನೂರಿನಲ್ಲಿ 1929ರಲ್ಲಿ ಹುಟ್ಟಿದ ಡಾ. ರಾಜ್‌ಕುಮಾರ್ ಅವರೂ ಆ ಪಕ್ಷದವರೇ. ಆ ಗೋಡೆಯ ನೆರಳಿನಲ್ಲಿಯೇ ಕನ್ನಡ ಚಿತ್ರ ಬೆಳೆಯಿತೆಂದು ನಾವು ನಂಬುತ್ತೇವೆ. ಆದರೆ ಮಕ್ಕಳ ಚಿತ್ರಗಳಿಗೆ ಅದರಲ್ಲೊಂದು ಕಿಂಡಿಯನ್ನಾದರೂ ಬಿಡಬೇಕಿತ್ತು. 2009ರಲ್ಲಿ ಚಿಂಟು ಟಿವಿ ಬಂದ ಮೇಲೆ ಕಾರ್ಟೂನುಗಳು ಕಿರುತೆರೆಯಲ್ಲಿ ಕನ್ನಡ ನುಡಿದವು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಡಬ್ಬಿಂಗ್ ತಡೆಯುವುದು ಕಾನೂನಿಗೆ ವಿರುದ್ಧವೆಂದು ಹೇಳಿತು. ಮೈಸೂರು, ಬೆಂಗಳೂರುಗಳ ಮಕ್ಕಳಿಗೆ ಸುತ್ತಲೂ ಕನ್ನಡವಿದೆ, ಒಂದು ಚಿತ್ರ ತಪ್ಪಿದರೆ ನಷ್ಟವಿಲ್ಲ. ಗಡಿಯಾಚೆ ಇರುವ ನಮಗೆ ಕನ್ನಡ ಕಿವಿಗೆ ಬೀಳುವ ಒಂದೊಂದು ಅವಕಾಶವೂ ಲೆಕ್ಕಕ್ಕೆ ಬರುತ್ತದೆ.

ಈಗ ಗಾಳಿ ತಿರುಗಿದೆ. 1983ರ ‘ಭಕ್ತ ಪ್ರಹ್ಲಾದ’ದಲ್ಲಿ ಹಿರಣ್ಯಕಶಿಪುವಾಗಿ ಗುಡುಗಿದ ರಾಜ್‌ಕುಮಾರ್, ಪ್ರಹ್ಲಾದನಾಗಿ ಎದುರು ನಿಂತ ಬಾಲಕ ಪುನೀತ್, ಇವರನ್ನು ಮರೆಯುವವರು ನಮ್ಮಲ್ಲಿ ಯಾರು? ಅದೇ ಕಥೆ 2025ರ ಜುಲೈನಲ್ಲಿ ‘ಮಹಾವತಾರ ನರಸಿಂಹ’ ಎಂಬ ಅನಿಮೇಷನ್ ಚಿತ್ರವಾಗಿ ಬಂತು. ಅರ್ಪಿಸಿದವರು ಕನ್ನಡದ ಹೊಂಬಾಳೆ ಸಂಸ್ಥೆಯವರು. ಅದು ಕನ್ನಡದಲ್ಲಿಯೂ ನುಡಿಯಿತು. ಅಮೆರಿಕದಲ್ಲಿ ಚಿತ್ರದಿಂದ ನಟರ ಕಡೆಗೆ ಹರಿಯುತ್ತಿರುವ ಕಥೆ ನಮ್ಮಲ್ಲಿ ನಟರಿಂದ ಚಿತ್ರದ ಕಡೆಗೆ ಹರಿದಿದೆ. ಅದೇ ವರ್ಷದ ಫೆಬ್ರವರಿಯಲ್ಲಿ ಎಂಪಿಸಿಯ ಮಾತೃಸಂಸ್ಥೆ ಟೆಕ್ನಿಕಲರ್ ಕುಸಿದು ಬೆಂಗಳೂರಿನ ಶಾಖೆಯೂ ಬಾಗಿಲು ಮುಚ್ಚಿತು. ಮೋಗ್ಲಿಯ ಕಾಡು ಕಟ್ಟಿದ ಕೈಗಳು ಕೆಲಸ ಕಳೆದುಕೊಂಡವು.

ಕಿಪ್ಲಿಂಗ್ ತೀರಿಕೊಂಡದ್ದು 1936ರಲ್ಲಿ. ಅವನ ಪುಸ್ತಕದ ಹಕ್ಕು ನಮ್ಮ ದೇಶದಲ್ಲಿ ಎಂದೋ ಮುಗಿದಿದೆ. ಮುಂದಿನ ಸಮ್ಮೇಳನದ ಮಕ್ಕಳ ರಂಗಕ್ಕೆ ಅದನ್ನು ಕನ್ನಡಕ್ಕೆ ತರಲು ನಾವು ಯಾರ ಅಪ್ಪಣೆಯನ್ನೂ ಕೇಳಬೇಕಾಗಿಲ್ಲ. ಆ ಕಥೆಯ ಕೆಂಪು ನಾಯಿಗಳ ಹಿಂಡು ನಮ್ಮ ಕಾಡಿನ ಸೀಳುನಾಯಿಗಳೇ. ಅವುಗಳ ಕೂಗನ್ನು ಅಣಕಿಸಬಲ್ಲ ಮಕ್ಕಳು ಹಾಸನೂರಿನಲ್ಲೂ ತಾಳವಾಡಿಯಲ್ಲೂ ಸಿಕ್ಕಾರು. ಹೆಬ್ಬಾವನ್ನು ಈ ಸಲವಾದರೂ ಒಳ್ಳೆಯದನ್ನಾಗಿ ಮಾಡಿ.